ಪುಚ್ಚೆಯಿರುವ ಮನೆಗೆ ಮೀನು ಬಂದರೆ

ನಮ್ಮ ಅಗಲ್ಪಾಡಿ ಸುತ್ತಿನ ಸಸ್ಯಾಹಾರಿ ಮನೆಗಳ ಬೆಕ್ಕಿಗೆ, ನಮ್ಮ ಮಾತಿನ ಪುಚ್ಚೆಗೆ, ಒಂದು ವಿಚಿತ್ರ ಯೋಗ. ಹುಟ್ಟಿದಂದಿನಿಂದ ಅದಕ್ಕೆ ಸಿಕ್ಕಿದ್ದು ಮಜ್ಜಿಗೆ ಅನ್ನ, ಹಾಲು ಕರೆದ ಹೊತ್ತಿಗೆ ಒಂದು ಗುಟುಕು, ಮಿಕ್ಕಿದ ದೋಸೆಯ ಚೂರು. ಮೀನೆಂಬುದನ್ನು ಅದು ಮೊದಲ ಸಲ ನೋಡುವುದು ಅಡುಗೆಮನೆಯಲ್ಲಲ್ಲ, ಚಾವಡಿಯ ಮೂಲೆಯ ಗಾಜಿನ ಪೆಟ್ಟಿಗೆಯಲ್ಲಿ. ಅದೂ ಜೀವಂತ, ಬಣ್ಣಬಣ್ಣದ, ಬಾಲ ಬಳುಕಿಸುವ ಮೀನು. ಆಚೆ ಮನೆಯ ಬೆಕ್ಕಿನ ಪಾಡು ಬೇರೆ. ಬೆಳಗ್ಗೆ ಎಂ-80 ಸ್ಕೂಟರಿನಲ್ಲಿ ಬರುವ ಮೀನಿನವರ ಹಾರ್ನು ನಮಗೆ ಕೇಳುವ ಮೊದಲೇ ಅದು ಗೇಟಿನ ಹತ್ತಿರ ಹೋಗಿ ಕೂತಿರುತ್ತದೆ. ಬೂತಾಯಿ ಮೀನಿನ ತಲೆ ಅದರ ಖಾಯಂ ಪಾಲು. ಇವೆರಡರಲ್ಲಿ ಅಕ್ವೇರಿಯಂಗೆ ಯಾವುದರಿಂದ ಹೆಚ್ಚು ಅಪಾಯ ಎಂದು ಕೇಳಿದರೆ ಹೆಚ್ಚಿನವರು ಬೂತಾಯಿ ತಿನ್ನುವ ಬೆಕ್ಕನ್ನೇ ತೋರಿಸಿಯಾರು. ನಾನಾದರೆ ಮಜ್ಜಿಗೆ ಅನ್ನದ ಬೆಕ್ಕಿನ ಮೇಲೆಯೇ ಒಂದು ಕಣ್ಣಿಟ್ಟಿರುತ್ತೇನೆ.

ಕಾರಣ ಅದರ ಹೊಟ್ಟೆಯಲ್ಲಿದೆ. ನಾಯಿ ಅನ್ನ ತಿಂದು ಹೇಗೋ ಬದುಕೀತು, ಬೆಕ್ಕಿಗೆ ಅದು ಸಾಲದು. ಟಾರಿನ್ ಎಂಬ ಸತ್ವವನ್ನು ತನಗೆ ಬೇಕಾದಷ್ಟು ತಯಾರಿಸಿಕೊಳ್ಳುವ ಶಕ್ತಿ ಅದರ ದೇಹಕ್ಕಿಲ್ಲ. ಸೊಪ್ಪು, ಕ್ಯಾರೆಟಿನಿಂದ ಎ ಜೀವಸತ್ವ ಮಾಡಿಕೊಳ್ಳಲೂ ಬಾರದು. ಎರಡೂ ಪ್ರಾಣಿಯ ಮೈಯಿಂದಲೇ ಬರಬೇಕು. ಟಾರಿನ್ ಸಿಗದ ಬೆಕ್ಕಿನ ಅಕ್ಷಿಪಟಲ ಹಾಳಾಗುತ್ತದೆ ಎಂದು 1975ರಲ್ಲಿ, ಹೃದಯದ ಸ್ನಾಯು ಸೋಲುತ್ತದೆ ಎಂದು 1987ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು. ನಮ್ಮ ಬೆಕ್ಕುಗಳು ತಲೆಮಾರುಗಳಿಂದ ಮಜ್ಜಿಗೆ ಅನ್ನ ತಿಂದೂ ಕಣ್ಣು ಕಳಕೊಳ್ಳದೆ ಉಳಿದದ್ದು ಅಟ್ಟದ ಇಲಿ, ಗೋಡೆಯ ಹಲ್ಲಿ, ತೋಟದ ಓತಿ, ಮಿಡತೆಗಳ ಪುಣ್ಯದಿಂದ. ಮನೆಯವರು ಬಡಿಸಿದ್ದು ಬರೀ ಆಸರಿಗೆ. ಊಟ ಅದೇ ಹುಡುಕಿಕೊಂಡದ್ದು. ಅಂಥ ಬೆಕ್ಕು ಹವ್ಯಾಸಕ್ಕೆ ಬೇಟೆಯಾಡುವುದಿಲ್ಲ, ಅದು ದುಡಿದು ತಿನ್ನುವ ಪ್ರಾಣಿ.

ಹಾಗಾಗಿ ಮೀನಿನ ರಕ್ಷಣೆ ಶುರುವಾಗಬೇಕಾದದ್ದು ಬೆಕ್ಕಿನ ತಟ್ಟೆಯಿಂದ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಒಳ್ಳೆಯ ಆಧಾರ. ಧಾನ್ಯವಿಲ್ಲದ, ಮಾಂಸಾಂಶ ಹೆಚ್ಚಿರುವ ಆಹಾರ ಕೊಟ್ಟಾಗ ಬೆಕ್ಕುಗಳು ಬೇಟೆಯಾಡಿ ಮನೆಗೆ ತರುವ ಪ್ರಾಣಿಗಳ ಸಂಖ್ಯೆ ಶೇ. 36ರಷ್ಟು ಇಳಿಯಿತು. ದಿನಕ್ಕೆ ಐದು-ಹತ್ತು ನಿಮಿಷ ದಾರಕ್ಕೆ ಗರಿ ಕಟ್ಟಿ ಆಡಿಸಿದ್ದಕ್ಕೇ ಶೇ. 25ರಷ್ಟು ಇಳಿಯಿತು. ಮಾಂಸ ಮನೆಯೊಳಗೆ ತಾರದವರಿಗೆ ಈ ಎರಡನೆಯ ದಾರಿಗಂತೂ ಯಾವ ಮಡಿಯೂ ಅಡ್ಡ ಬರುವುದಿಲ್ಲ. ಮೊದಲನೆಯದಕ್ಕೂ ಈಗ ಪೇಟೆಯಲ್ಲಿ ಬೆಕ್ಕಿನ ಒಣ ಆಹಾರದ ಪ್ಯಾಕೆಟ್ ಸಿಗುತ್ತದೆ, ಅದರಲ್ಲಿ ಟಾರಿನ್ ಸೇರಿಸಿಯೇ ಇರುತ್ತಾರೆ. ಕೊಟ್ಟಿಗೆಯ ಜಗಲಿಯಲ್ಲಿ ಒಂದು ಅಡಿಕೆ ಹಾಳೆಯ ತುಂಡಿನಲ್ಲಿ ಹಾಕಿದರೆ ಅಡುಗೆಮನೆಗೂ ಅದಕ್ಕೂ ಸಂಬಂಧವಿಲ್ಲ. ಅಜ್ಜಿಯಂದಿರು ಮೊದಮೊದಲು ಮುಖ ಸಿಂಡರಿಸುತ್ತಾರೆ. ಅಟ್ಟದಲ್ಲಿ ಬೆಕ್ಕು ಕಚ್ಚಿ ಬಿಟ್ಟ ಇಲಿ ಗುಡಿಸುವುದಕ್ಕಿಂತ ಇದು ವಾಸಿ ಎಂಬುದು ಅವರಿಗೂ ಕ್ರಮೇಣ ಗೊತ್ತಾಗುತ್ತದೆ.

ಹೊಟ್ಟೆ ತುಂಬಿದ ಬೆಕ್ಕು ಬೇಟೆ ಬಿಡುತ್ತದೆ ಎಂದು ಮಾತ್ರ ನಂಬಬೇಡಿ. ಕಡಿಮೆ ಮಾಡುತ್ತದೆ, ಅಷ್ಟೇ. ಕುಂಬಳೆ ಹತ್ತಿರದ ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಮೊಸಳೆ ಬಬಿಯಾ ನೈವೇದ್ಯದ ಅನ್ನ ಮಾತ್ರ ತಿಂದು ಅದೇ ಕೆರೆಯ ಮೀನುಗಳನ್ನು ಮುಟ್ಟದೆ ಇತ್ತೆಂಬುದು ಭಕ್ತರ ನಂಬಿಕೆ. 2022ರ ಅಕ್ಟೋಬರ್ 9ರಂದು ಅದು ಸತ್ತಾಗ ಊರೇ ಸೇರಿ ಬೀಳ್ಕೊಟ್ಟಿತು. ಮನೆಯ ಪುಚ್ಚೆಯಿಂದ ಅಷ್ಟು ದೊಡ್ಡ ವೈರಾಗ್ಯ ನಿರೀಕ್ಷಿಸುವುದು ಅನ್ಯಾಯ.

ಗಾಜಿನಾಚೆ ಕಾಣುವುದೇನು?

ಬೆಕ್ಕಿಗೂ ಮೀನಿಗೂ ಜನ್ಮಾಂತರದ ನಂಟು ಎಂದು ನಾವು ಭಾವಿಸಿದ್ದೇವೆ. ವಾಸ್ತವದಲ್ಲಿ ಸಾಕುಬೆಕ್ಕಿನ ಮೂಲ ಆಫ್ರಿಕ ಮತ್ತು ಪಶ್ಚಿಮ ಏಷ್ಯಾದ ಒಣನೆಲದ ಕಾಡುಬೆಕ್ಕು. ಧಾನ್ಯ ಕೂಡಿಟ್ಟ ಮನುಷ್ಯನ ಕಣಜಕ್ಕೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂಳಿದ ಬೆಕ್ಕಿನ ಅಸ್ಥಿ ಸಿಕ್ಕಿದೆ, ಅದಕ್ಕೆ ಸುಮಾರು 9,500 ವರ್ಷ. ಈ ಕಥೆಯಲ್ಲೆಲ್ಲೂ ಹೊಳೆಯಿಲ್ಲ. ನೀರಿಗಿಳಿದು ಮೀನು ಹಿಡಿಯುವ ಮೀನುಬೆಕ್ಕು ಬೇರೆಯೇ ಜಾತಿ. ಅದು ಸುಂದರಬನದಲ್ಲಿ, ಒಡಿಶಾದ ಚಿಲಿಕಾದಲ್ಲಿದೆ, ಪಶ್ಚಿಮ ಬಂಗಾಳದ ರಾಜ್ಯಪ್ರಾಣಿಯೂ ಹೌದು. ನಮ್ಮ ಪುಚ್ಚೆಗೆ ಬಚ್ಚಲಿನ ಹಸಿ ನೆಲ ತುಳಿಯುವುದೂ ಬೇಸರ.

ಆದರೂ ಮೀನೆಂದರೆ ಬಾಯಿ ನೀರೂರುವುದು ಸುಳ್ಳಲ್ಲ. ಬೆಕ್ಕಿನ ನಾಲಗೆಗೆ ಸಿಹಿ ತಿಳಿಯುವುದಿಲ್ಲ ಎಂಬುದು 2005ರಲ್ಲಿ ಜೀನ್ ಮಟ್ಟದಲ್ಲಿ ಖಚಿತವಾಯಿತು; ಪಾಯಸದ ಪಾತ್ರೆ ನೆಕ್ಕುವುದು ಹಾಲಿಗಾಗಿ, ಬೆಲ್ಲಕ್ಕಲ್ಲ. ಮಾಂಸದ ರುಚಿ ಹಿಡಿಯುವ ಅದರ ಗ್ರಾಹಕಗಳು ಟ್ಯೂನಾದಂಥ ಮೀನುಗಳಲ್ಲಿ ಹೇರಳವಾಗಿರುವ ಎರಡು ರಾಸಾಯನಿಕಗಳಿಗೆ ಬಲವಾಗಿ ಸ್ಪಂದಿಸುತ್ತವೆ ಎಂಬ ಸಂಶೋಧನೆ 2023ರಲ್ಲಿ ಬಂತು. ಆದರೆ ಗಾಜಿನ ಪೆಟ್ಟಿಗೆಯಿಂದ ಆ ವಾಸನೆಯೂ ಬಾರದು, ರುಚಿಯೂ ಸಿಗದು. ಅಲ್ಲಿರುವುದು ಚಲನೆ ಮಾತ್ರ. ಬೆಕ್ಕಿನ ಕಣ್ಣು ಚಲನೆಗೆ ಸೋತದ್ದು. ನಿಂತ ವಸ್ತುವನ್ನು, ಅದರಲ್ಲೂ ಮೂಗಿನಿಂದ ಒಂದು ಗೇಣಿನೊಳಗೆ ಇರುವುದನ್ನು, ಅದು ಸರಿಯಾಗಿ ಕಾಣದು. ದೂರದಲ್ಲಿ ಸರಕ್ಕನೆ ತಿರುಗಿದ್ದನ್ನು ಬಿಡದು. ಅದಕ್ಕೇ ಅದು ಮೂರಡಿ ದೂರ ಕುಳಿತು ತಾಸುಗಟ್ಟಲೆ ನೋಡುತ್ತದೆ, ಆಮೇಲೆ ಎದ್ದು ಹೋಗಿ ಪೆಟ್ಟಿಗೆಯ ಹಿಂದೆ ಹುಡುಕುತ್ತದೆ.

ಮೇಲಿನಿಂದ ಪಂಜ ಹಾಕಿದರೂ ಮೊದಲ ಏಟು ತಪ್ಪುವುದು ಸಹಜ. ನೀರಿನಲ್ಲಿ ಬೆಳಕು ಬಾಗುವುದರಿಂದ ಒಂದಡಿ ಆಳದಲ್ಲಿರುವ ಮೀನು ಒಂಬತ್ತು ಇಂಚಿನಲ್ಲಿದ್ದಂತೆ ಕಾಣುತ್ತದೆ. ಆಳವಿರುವ ತೊಟ್ಟಿಯಿಂದ ಬೆಕ್ಕು ಮೀನು ಎತ್ತಿಕೊಂಡು ಹೋಗುವುದು ನಾವು ಹೆದರಿದಷ್ಟು ಸುಲಭದ ಕೆಲಸವಲ್ಲ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಹೊರೇಸ್ ವಾಲ್ಪೋಲ್ ಎಂಬ ಸಾಹಿತಿಯ ಮನೆಯಲ್ಲಿ ಸೆಲಿಮಾ ಎಂಬ ಬೆಕ್ಕಿತ್ತು. ಹೊಂಬಣ್ಣದ ಮೀನುಗಳಿದ್ದ ಚೀನೀ ಪಿಂಗಾಣಿ ತೊಟ್ಟಿಯ ಅಂಚಿನಿಂದ ಜಾರಿ, 1747ರಲ್ಲಿ, ಮುಳುಗಿ ಸತ್ತದ್ದು ಆ ಬೆಕ್ಕೇ. ಮೀನುಗಳಿಗೆ ಏನೂ ಆಗಲಿಲ್ಲ. ಗೆಳೆಯ ಥಾಮಸ್ ಗ್ರೇ ಅದರ ಮೇಲೆ ಕವಿತೆ ಬರೆದು ಬೆಕ್ಕನ್ನು ಅಮರವಾಗಿಸಿದ.

ತಿದ್ದಬೇಕಾದದ್ದು ಪೆಟ್ಟಿಗೆಯನ್ನು

ಬೆಕ್ಕನ್ನು ಮೀನಿನ ಕೋಣೆಗೆ ಬಿಡಬೇಡಿ, ಬಾಗಿಲು ಹಾಕಿಡಿ ಎಂಬುದು ಪರದೇಶದ ಸಲಹೆ. ಫ್ಲ್ಯಾಟಿನವರಿಗೆ ಸರಿ. ಹಂಚಿನ ಮಾಡು, ತೆರೆದ ಅಟ್ಟ, ಬೆಳಗಿನಿಂದ ರಾತ್ರಿಯವರೆಗೆ ಮುಚ್ಚದ ಬಾಗಿಲು, ಅಂಗಳದಲ್ಲಿ ಒಣಗುವ ಅಡಿಕೆ, ಒಳಗೆ ಹೊರಗೆ ಓಡಾಡುವ ಜನ ಇರುವ ನಮ್ಮ ಮನೆಗಳಲ್ಲಿ ಬೆಕ್ಕಿಗೆ ಬಾಗಿಲು ಹಾಕುವುದೆಂದರೆ ಗಾಳಿಗೆ ಬಾಗಿಲು ಹಾಕಿದಂತೆ.

ತೆನಾಲಿ ರಾಮ ಬಿಸಿ ಹಾಲು ಕೊಟ್ಟು ಬೆಕ್ಕಿಗೆ ಹಾಲೆಂದರೆ ಓಡುವ ಅಭ್ಯಾಸ ಮಾಡಿಸಿದ ಕಥೆ ಎಲ್ಲರಿಗೂ ಗೊತ್ತು. ಅದನ್ನೇ ನೆನೆದು ಪೆಟ್ಟಿಗೆಯ ಹತ್ತಿರ ಬಂದಾಗಲೆಲ್ಲ ನೀರು ಚಿಮುಕಿಸುವವರಿದ್ದಾರೆ. ಬೆಕ್ಕು ಇದರಿಂದ ಕಲಿಯುವುದು ಒಂದೇ: ಈ ಮನುಷ್ಯ ಇಲ್ಲದಾಗ ಬರಬೇಕು. ಕಂಚಿಹುಳಿ ಸಿಪ್ಪೆ ಇಟ್ಟರೆ ಕೆಲವು ಮೂಗು ಮುರಿಯುತ್ತವೆ, ಕೆಲವು ಕ್ಯಾರೇ ಅನ್ನುವುದಿಲ್ಲ, ಎರಡು ದಿನಕ್ಕೆ ಸಿಪ್ಪೆಯೂ ಒಣಗುತ್ತದೆ. ಲಿಂಬೆ-ಕಿತ್ತಳೆಯ ಸಾಂದ್ರ ಎಣ್ಣೆಯನ್ನಂತೂ ಬಳಸಲೇಬಾರದು, ಅದು ಬೆಕ್ಕಿಗೆ ವಿಷ.

ಪೆಟ್ಟಿಗೆಯ ಲೆಕ್ಕಕ್ಕೆ ಬರೋಣ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಸಾಮಾನ್ಯ ಅಕ್ವೇರಿಯಂ ಸುಮಾರು 55 ಲೀಟರ್ ಹಿಡಿಯುತ್ತದೆ. ನೀರು, ಗಾಜು, ಅಡಿಯ ಜಲ್ಲಿ ಸೇರಿದರೆ 70 ಕಿಲೋ ಹತ್ತಿರ. ನಾಲ್ಕು ಕಿಲೋದ ಬೆಕ್ಕು ಇದನ್ನು ಕೆಡವಲಾರದು. ಆದರೆ ಅಲ್ಲಾಡುವ ಕಾಲಿನ ಹಳೇ ಟೀಪಾಯಿಯ ಮೇಲಿದ್ದರೆ ಅಟ್ಟದಿಂದ ಒಂದು ಹಾರು ಸಾಕು. ಗೋಡೆಗೆ ಒತ್ತಿ ನಿಲ್ಲಿಸಿದ, ಪೆಟ್ಟಿಗೆಗಿಂತ ಅಗಲ ಕಡಿಮೆಯಿಲ್ಲದ ಕಬ್ಬಿಣದ ಸ್ಟ್ಯಾಂಡ್ ಬೇಕು. ಹತ್ತಿರದಲ್ಲಿ ಕುರ್ಚಿ, ಕಪಾಟು, ಕಿಟಕಿಯ ಹಲಗೆ ಇದ್ದರೆ ಅವು ಬೆಕ್ಕಿಗೆ ಮೆಟ್ಟಿಲು.

ಗುಂಡನೆಯ ಗಾಜಿನ ಬಟ್ಟಲನ್ನು ನಾನು ಒಪ್ಪುವುದೇ ಇಲ್ಲ. ಬೆಕ್ಕು ಇರಲಿ ಇಲ್ಲದಿರಲಿ. ಇಟಲಿಯ ಮೊಂಝಾ ಪಟ್ಟಣ 2004ರಲ್ಲಿ ಇದನ್ನು ನಿಷೇಧಿಸಿತು, ಮರುವರ್ಷ ರೋಮ್ ನಗರವೂ ನಿಷೇಧಿಸಿತು. ಮೀನಿಗೆ ಸಾಕಷ್ಟು ಆಮ್ಲಜನಕ ಸಿಗುವುದಿಲ್ಲ, ಬಾಗಿದ ಗಾಜಿನಿಂದ ಹೊರಗಿನದ್ದು ವಕ್ರವಾಗಿ ಕಾಣುತ್ತದೆ. ಸಾಲದ್ದಕ್ಕೆ ಬಟ್ಟಲು ಹಗುರ, ಬಾಯಿ ತೆರೆದದ್ದು. ಬೆಕ್ಕು ಪಂಜ ಅದ್ದಿದರೆ ಬಟ್ಟಲೂ ಜೊತೆಗೇ ಉರುಳುತ್ತದೆ.

ಮುಚ್ಚಳ ಇಡಿಯ ಪ್ರಕರಣದ ಮುಖ್ಯ ಪಾತ್ರ. ಅದು ಬೆಕ್ಕು ಒಳಗೆ ಹೋಗದಂತೆ ತಡೆಯುವುದಕ್ಕಿಂತ ಮೀನು ಹೊರಗೆ ಬಾರದಂತೆ ತಡೆಯಲು ಬೇಕು. ನಮ್ಮ ಗದ್ದೆ, ಬಾವಿ, ತೋಡುಗಳ ಮಾನತ್ತುಕಣ್ಣಿ, ನೆತ್ತಿಯಲ್ಲಿ ಬೆಳ್ಳಿಯ ಚುಕ್ಕೆ ಹೊಳೆಯುವ ಆ ಪುಟ್ಟ ಮೀನು, ಹಾರುವುದರಲ್ಲಿ ನಿಸ್ಸೀಮ. ಫೈಟರ್ ಮೀನೂ ಹಾರುತ್ತದೆ. ಚಂದ್ರಗಿರಿ ಹೊಳೆಯ ಕಡೆಯ, ಮಿಸ್ ಕೇರಳ ಎಂದು ಲೋಕಪ್ರಸಿದ್ಧವಾದ ಕೆಂಪು ಗೆರೆಯ ಮೀನೂ ಬೆಚ್ಚಿದರೆ ಹಾರುತ್ತದೆ. ರಾತ್ರಿ ಬೆಕ್ಕು ಗಾಜಿಗೆ ಒರಗಿ ಮೈ ಉಜ್ಜಿದರೆ ಆ ಅದುರು ಮೀನಿನ ಪಕ್ಕದ ಸಂವೇದನಾ ಗೆರೆಗೆ ಥಟ್ಟನೆ ತಾಗುತ್ತದೆ, ಮೀನು ಚಿಮ್ಮುತ್ತದೆ, ನೆಲಕ್ಕೆ ಬೀಳುತ್ತದೆ. ಬೆಳಗ್ಗೆ ನಮಗೆ ಕಾಣುವುದು ಬಾಯಿ ಒರಸಿಕೊಳ್ಳುವ ಬೆಕ್ಕು ಮಾತ್ರ. ಕೊಲೆಗಾರ ಅದೇ ಎಂದು ತೀರ್ಪು ಬರೆದೂ ಆಗಿರುತ್ತದೆ.

ಗಾಜಿನ ಮುಚ್ಚಳ ಬೆಕ್ಕಿನ ಭಾರಕ್ಕೆ ಬಿರಿಯಬಹುದು. ಮರದ ಚೌಕಟ್ಟಿಗೆ ಸಣ್ಣ ಕಣ್ಣಿನ ಜಿಐ ಬಲೆ ಬಿಗಿದು, ಎರಡು ಬದಿಗೆ ಕೊಂಡಿ ಹಾಕಿದರೆ ಊರಿನ ಆಚಾರಿಗೆ ಅರ್ಧ ದಿನದ ಕೆಲಸ. ಗಾಳಿಯೂ ಆಡುತ್ತದೆ. ಫೈಟರ್, ಗೌರಾಮಿಗಳಿಗೆ ನೀರಿನ ಮೇಲಕ್ಕೆ ಬಂದು ಗಾಳಿ ನುಂಗಬೇಕು, ಆದ್ದರಿಂದ ಅಂಚಿನವರೆಗೆ ನೀರು ತುಂಬಬಾರದು. ಎರಡು ಇಂಚು ಬಿಟ್ಟರೆ ಬೆಕ್ಕಿನ ಪಂಜಕ್ಕೂ ದೂರವಾಗುತ್ತದೆ. ಮುಂಬದಿ ಬಿಟ್ಟು ಉಳಿದ ಮೂರು ಬದಿಗೆ ಕಡುಬಣ್ಣದ ಕಾಗದ ಅಂಟಿಸಿ, ಒಳಗೆ ಒಂದಿಷ್ಟು ಗಿಡ, ಕಲ್ಲಿನ ಸಂದು ಮಾಡಿಕೊಟ್ಟರೆ ಮೀನಿಗೆ ಅಡಗಲು ಜಾಗ. ಮೀನಿನ ನೆನಪು ಮೂರು ಸೆಕೆಂಡು ಎಂಬುದು ಶುದ್ಧ ಸುಳ್ಳು. ಕಲಿತದ್ದನ್ನು ಅವು ತಿಂಗಳುಗಟ್ಟಲೆ ನೆನಪಿಡುತ್ತವೆ, ಗಾಜಿನಾಚೆಯ ಮೀಸೆ ತಮ್ಮನ್ನು ಮುಟ್ಟಲಾರದು ಎಂಬುದನ್ನೂ ಸೇರಿಸಿ.

ಆಟಿ ತಿಂಗಳ ಮಳೆ ಹಿಡಿದಾಗ ಇನ್ನೊಂದು ಪೇಚು. ಬೆಕ್ಕಿಗೆ ಹಿತವಾದ ಬಿಸುಪು 30 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ. ಲೈಟು ಉರಿಯುವ ಅಕ್ವೇರಿಯಂ ಮುಚ್ಚಳಕ್ಕಿಂತ ಒಳ್ಳೆಯ ಹಾಸಿಗೆ ಅದಕ್ಕೆ ಎಲ್ಲಿ ಸಿಗಬೇಕು? ಹಿಂದೆಲ್ಲ ಈ ಸಮಸ್ಯೆ ಇರಲಿಲ್ಲ. ಅಡಿಕೆ ಸಿಪ್ಪೆ ಉರಿಸುವ ಬಚ್ಚಲೊಲೆಯ ಬಾಯಲ್ಲಿ, ಬಿಸಿ ಬೂದಿಯ ಮೇಲೆ, ಮೀಸೆ ಸುಟ್ಟುಕೊಂಡಾದರೂ ಅದು ಮಲಗುತ್ತಿತ್ತು. ಈಗ ಬಚ್ಚಲಿಗೆ ಸೋಲಾರ್ ಬಂದಿದೆ, ಗೀಸರ್ ಬಂದಿದೆ, ಬೆಕ್ಕಿಗೆ ಪುನರ್ವಸತಿ ಆಗಿಲ್ಲ. ಅಕ್ವೇರಿಯಂಗಿಂತ ಎತ್ತರದಲ್ಲಿ, ಅಡುಗೆಮನೆಯ ಬೆಚ್ಚಗಿನ ಗೋಡೆಗೆ ತಾಗಿ, ಒಂದು ರಟ್ಟಿನ ಪೆಟ್ಟಿಗೆ ಮತ್ತು ಹಳೇ ಕಂಬಳಿ ಇಟ್ಟು ನೋಡಿ.

ವಯರುಗಳ ಕಡೆಗೆ ಗಮನ ಕೊಡುವವರು ಕಡಿಮೆ. ಪಂಪಿನ ವಯರು ಪ್ಲಗ್ಗಿಗೆ ಸೇರುವ ಮೊದಲು ಕೆಳಗೆ ಒಮ್ಮೆ ಜೋತು ಮೇಲೆ ಹೋಗಬೇಕು. ಆಗ ಬೆಕ್ಕು ಎರಚಿದ ನೀರು ಆ ಬಾಗಿನಿಂದಲೇ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಇಳಿಯುವುದಿಲ್ಲ. ಕರೆಂಟು ಸೋರಿದರೆ ಲೈನು ಕಡಿಯುವ ಇಎಲ್‌ಸಿಬಿ ಇದೆಯೇ, ಕೆಲಸ ಮಾಡುತ್ತದೆಯೇ ಎಂದು ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ಗಾಳಿಯ ಪಂಪು ನೀರಿನ ಮಟ್ಟಕ್ಕಿಂತ ಮೇಲಿರಲಿ. ಕರೆಂಟು ಹೋದಾಗ ಕೊಳವೆಯಲ್ಲಿ ನೀರು ಹಿಂದಕ್ಕೆ ಹರಿದು ಪಂಪಿಗೆ ನುಗ್ಗುವುದನ್ನು ಅಷ್ಟರಿಂದಲೇ ತಪ್ಪಿಸಬಹುದು.

ನೀರಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಗುಡ್ಡ ಕೊರೆದ ಸುರಂಗದ ನೀರು ಇರುವವರು ಪುಣ್ಯವಂತರು, ಕ್ಲೋರಿನ್ ಇಲ್ಲ. ಆದರೆ ಮುರಕಲ್ಲಿನ ಒಳಗಿಂದ ಬರುವ ನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆ, ಸ್ವಲ್ಪ ಹುಳಿಗುಣವೂ ಇರುತ್ತದೆ. ಕೊಡದಲ್ಲಿ ತುಂಬಿ ಒಂದು ರಾತ್ರಿ ತೆರೆದಿಟ್ಟು ಆಮೇಲೆ ಹಾಕಬೇಕು. ಆ ತೆರೆದ ಕೊಡದಿಂದ ಬೆಕ್ಕು ಕುಡಿದರೆ ಯಾರಿಗೂ ನಷ್ಟವಿಲ್ಲ. ಅಕ್ವೇರಿಯಂನಿಂದ ಕುಡಿದರೆ ಇದೆ.

ಎರಡಕ್ಕೂ ಒಂದೇ ವಿಷ

ಮೀನಿನ ಮೈಮೇಲೆ ಬಿಳಿ ಚುಕ್ಕೆ ಕಂಡೊಡನೆ ಅಂಗಡಿಯವರು ಕೊಡುವ ನೀಲಿ ಔಷಧ ಮಿಥಿಲೀನ್ ಬ್ಲೂ. ಬೆಕ್ಕಿನ ಕೆಂಪು ರಕ್ತಕಣಗಳು ಇಂಥ ವಸ್ತುಗಳ ಎದುರು ಬಹಳ ನಾಜೂಕು, ಅವು ಒಡೆದು ರಕ್ತಹೀನತೆ ಬರುತ್ತದೆ. ತಾಮ್ರದ ಔಷಧ, ಫಾರ್ಮಲಿನ್ ಕೂಡ ಸಲ್ಲದು. ಆದ್ದರಿಂದ ಮದ್ದು ಹಾಕುವಾಗ ಕಾಯಿಲೆಯ ಮೀನನ್ನು ಬೇರೆ ಬಕೆಟ್ಟಿಗೆ ತೆಗೆದು, ಬೆಕ್ಕು ಹೋಗದ ಕೋಣೆಯಲ್ಲಿ, ತಟ್ಟೆ ಮುಚ್ಚಿ ಇಡಬೇಕು. ಬೆಕ್ಕಿನಿಂದ ಮೀನನ್ನು ಕಾಯುವವರು ಮೀನಿನಿಂದ ಬೆಕ್ಕನ್ನು ಕಾಯುವುದನ್ನು ಮರೆಯುತ್ತಾರೆ.

ಉಣ್ಣಿ, ಚಿಗಟಕ್ಕೆ ನಾಯಿಗೆ ಹಾಕುವ ಪರ್ಮೆಥ್ರಿನ್ ಬೆಕ್ಕನ್ನು ಕೊಲ್ಲಬಲ್ಲದು. ಅದನ್ನು ಕರಗಿಸಿ ಹೊರಹಾಕುವ ಸಾಮರ್ಥ್ಯ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರಾ ಕಡಿಮೆ. ಅದೇ ಗುಂಪಿನ ವಿಷ ಮೀನಿಗೆ ಅತ್ಯಲ್ಪ ಪ್ರಮಾಣದಲ್ಲೂ ಮಾರಕ. ಜಿರಳೆ, ಸೊಳ್ಳೆಗೆ ಹೊಡೆಯುವ ಸ್ಪ್ರೇಗಳಲ್ಲಿ ಇರುವುದು ಹೆಚ್ಚಾಗಿ ಇದೇ. ಚಾವಡಿಯಲ್ಲಿ ಸ್ಪ್ರೇ ಹೊಡೆದರೆ ಗಾಳಿಯ ಪಂಪು ಅದನ್ನು ಎಳೆದು ನೇರ ನೀರಿಗೇ ಊದುತ್ತದೆ.

ಅಂಗಳದ ತೊಟ್ಟಿಗೆ ಬೇರೆ ಗಂಡಾಂತರ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ದಿನ ಅಡಿಕೆ ಮರದ ತುದಿಯಿಂದ ಗಾಳಿಗೆ ತೇಲಿ ಬರುವುದು ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು. ಮೃದುವಾದ, ಹುಳಿಗುಣದ ನಮ್ಮ ನೀರಿನಲ್ಲಿ ತಾಮ್ರದ ವಿಷ ಇನ್ನೂ ಜೋರು. ಮದ್ದು ಬಿಡುವವರು ಬರುವ ಮುನ್ನ ತೊಟ್ಟಿಗೆ ಟಾರ್ಪಾಲು ಹೊದೆಸಬೇಕು, ಸಂಜೆಯವರೆಗೆ ಬೆಕ್ಕಿಗೂ ಒಳಗೆ ಬೇರೆ ನೀರು ಇಡಬೇಕು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಾಲವನ್ನು ಕಂಡ ಕುಂಬ್ಡಾಜೆ, ಎಣ್ಮಕಜೆ, ಬೆಳ್ಳೂರಿನವರಿಗೆ ಮೇಲಿಂದ ಬೀಳುವ ಮದ್ದು ನೀರಿಗೆ ಏನು ಮಾಡುತ್ತದೆಂದು ಹೊಸದಾಗಿ ಹೇಳಬೇಕಾಗಿಲ್ಲ.

ಅಂಗಳದ ಆರೋಪಿಗಳು

ಸಿಮೆಂಟ್ ರಿಂಗಿನ ತೊಟ್ಟಿ ಕಟ್ಟಿ ತಾವರೆ, ಗಪ್ಪಿ ಬಿಡುವ ಖಯಾಲಿ ಈಗ ಎಲ್ಲೆಡೆ. ಹೊಸ ಸಿಮೆಂಟಿನ ಸುಣ್ಣ ಬಿಡುವ ತನಕ ಬಾಳೆದಂಡಿನ ತುಂಡು ಹಾಕಿ ನೀರು ನಿಲ್ಲಿಸಿ ಚೆಲ್ಲುವುದನ್ನು ನಾಲ್ಕಾರು ಬಾರಿ ಮಾಡಬೇಕು ಎಂಬುದು ಎಲ್ಲರಿಗೂ ಗೊತ್ತಿದೆ. ಎರಡಡಿ ಆಳ, ನೆಟ್ಟನೆಯ ಗೋಡೆ, ಅಂಚಿನಿಂದ ಅರ್ಧ ಅಡಿ ಕೆಳಗೆ ನೀರು ಇದ್ದರೆ ಬೆಕ್ಕಿಗೆ ಕೈಗೆಟುಕದು. ಆದರೆ ಮರಿಬೆಕ್ಕು ಬಿದ್ದರೆ ಹತ್ತಿ ಬರಲಾರದು. ತೊಟ್ಟಿಯೊಳಕ್ಕೆ ಒಂದು ಅಡಿಕೆ ಮರದ ಸೀಳು ಓರೆಯಾಗಿ ಇಳಿಬಿಟ್ಟಿರಿ.

ಮೀನು ಕಡಿಮೆಯಾದರೆ ಪುಚ್ಚೆಯನ್ನು ಹೊಡೆಯುವ ಮೊದಲು ಸ್ವಲ್ಪ ಪತ್ತೇದಾರಿ ನಡೆಯಲಿ. ಬೆಕ್ಕು ಕೆಲಸ ಮಾಡಿದ್ದರೆ ಅಂಚಿನಲ್ಲಿ ನೀರು ಚೆಲ್ಲಿರುತ್ತದೆ, ಸಿಮೆಂಟಿನ ಮೇಲೆ ಹಸಿ ಹೆಜ್ಜೆ ಇರುತ್ತದೆ, ಹತ್ತಿರದಲ್ಲೆಲ್ಲೋ ಹುರುಪೆ ಸಿಗುತ್ತದೆ. ಯಾವ ಗುರುತೂ ಇಲ್ಲದೆ ಬೆಳಗಿನ ಹೊತ್ತು ಒಂದೊಂದೇ ಮೀನು ಮಾಯವಾಗುತ್ತಿದ್ದರೆ ಮೇಲಿನ ತಂತಿಯಲ್ಲಿ ಕೂತಿರುವ ಮಿಂಚುಳ್ಳಿಯನ್ನು ನೋಡಿ. ತೊಟ್ಟಿಯ ಅಂಚಿಗೆ ಬಿಳಿ ಹಿಕ್ಕೆ ಇದ್ದರೆ ಕೊಕ್ಕರೆ. ಮಳೆಗಾಲದ ರಾತ್ರಿ ಮೀನಿನ ಸಂಖ್ಯೆ ಅರ್ಧಕ್ಕಿಳಿದರೆ ನೀರೊಳ್ಳೆ ಹಾವು ಬಂದು ಹೋಗಿರಬಹುದು. ಹಾಗೆಂದು ನೈಲಾನ್ ಬಲೆ ಹಾಕಬೇಡಿ, ಹಾವು ಅದರಲ್ಲಿ ಸಿಕ್ಕಿಬಿದ್ದು ನರಳುತ್ತದೆ. ಗಟ್ಟಿ ತಂತಿಯ ಬಲೆಯೇ ಆಗಬೇಕು. ಇನ್ನು ಗಪ್ಪಿಯ ಕುರಿತು: ಸೊಳ್ಳೆ ಮರಿ ತಿನ್ನಲೆಂದು ಹೊರದೇಶದಿಂದ ಬಂದದ್ದು ಅದು. ತೊಟ್ಟಿಯ ನೀರು ಚೆಲ್ಲುವಾಗ ತೋಡಿಗೆ ಸೇರಿಸಬೇಡಿ, ಮಾನತ್ತುಕಣ್ಣಿಯಂಥ ಊರಿನ ಮೀನುಗಳಿಗೆ ಅದು ಪೈಪೋಟಿ. ಸೊಳ್ಳೆ ಮರಿ ತಿನ್ನುವುದರಲ್ಲಿ ಮಾನತ್ತುಕಣ್ಣಿಯೂ ಹಿಂದೆ ಬೀಳುವುದಿಲ್ಲ, ನನಗಂತೂ ಅದರ ಮೇಲೆಯೇ ಪ್ರೀತಿ.

ಮನೆಮಂದಿಯೆಲ್ಲ ಎರಡು ದಿನ ಮದುವೆಗೆ ಹೋಗುವುದಿದ್ದರೆ ನೆರೆಮನೆಯವರಿಗೆ ನಾವು ಹೇಳಿ ಹೋಗುವುದು "ಮೀನಿಗೆ ತಿಂಡಿ ಹಾಕಿ ಅಕ್ಕಾ" ಎಂದು. ಅವರು ಪ್ರೀತಿಯಿಂದ ಮುಷ್ಟಿ ತುಂಬ ಹಾಕುತ್ತಾರೆ, ನೀರು ಕೆಟ್ಟು ಮೀನು ತೇಲುತ್ತದೆ. ಬೆಳೆದ ಮೀನು ಎರಡು ದಿನ ಉಪವಾಸ ಇದ್ದರೆ ಏನೂ ಆಗದು. ಅನ್ನ ಹಾಕಬೇಕಾದದ್ದು ಬೆಕ್ಕಿಗೆ. ಹೊರಡುವ ಮೊದಲು ಮೀನಿನ ತಿಂಡಿಯ ಡಬ್ಬಿಯನ್ನು ಗೋದ್ರೇಜ್ ಕಪಾಟಿನೊಳಗೆ ಇಟ್ಟು ಬೀಗ ಹಾಕಿ, ಬೆಕ್ಕಿನ ತಟ್ಟೆಯನ್ನು ನೆರೆಮನೆಯ ಅಕ್ಕನ ಕೈಗೇ ಕೊಟ್ಟು ಹೋಗಿ.